ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಎರಡು ಸಲ ಏಕೆ ಕಾಣುತ್ತದೆ?

ತುಮಕೂರಿನ ನಮ್ಮ ಹಾರ್ಡ್‌ವೇರ್ ತರಗತಿಗೆ ಬರುವ ಡೆಸ್ಕ್‌ಟಾಪ್‌ಗಳೆಲ್ಲ ಬೆಂಗಳೂರಿನ ಕಚೇರಿಗಳಲ್ಲಿ ದುಡಿದು ಬಂದವು. ಹಳೆಯ ಕಂಪನಿಯ ಸಂಖ್ಯೆ ಬರೆದ ಸ್ಟಿಕರ್ ಇನ್ನೂ ಮೈಮೇಲೆಯೇ ಇರುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಇವುಗಳಿಗೆ ಹೊಸ ಓಎಸ್ ಹಾಕುವುದೇ ನಮ್ಮ ಮುಖ್ಯ ಅಭ್ಯಾಸ. ಓಎಸ್ ಹಾಕಲು ಬೇಕಾದ ಐಎಸ್ಒ ಕಡತ ಇಳಿಸಿಕೊಳ್ಳುವುದು, ಡ್ರೈವರ್ ಹಾಕುವುದು ಎಲ್ಲರಿಗೂ ಬರುತ್ತದೆ, ಬಿಡಿ. ಡಿಸ್ಕ್ ಆರಿಸುವ ಪರದೆಯಲ್ಲಿ ‘ಈ ಡಿಸ್ಕಿನಲ್ಲಿರುವುದು ಎಂಬಿಆರ್, ಇಲ್ಲಿ ವಿಂಡೋಸ್ ಹಾಕಲಾಗದು’ ಎಂಬರ್ಥದ ಸಂದೇಶ ಬರುತ್ತದಲ್ಲ, ಈ ಟಿಪ್ಪಣಿ ಅದರ ಬಗ್ಗೆ. ಡಿಸ್ಕಿನ ಭಾಗಗಳ (ಪಾರ್ಟಿಷನ್) ಪಟ್ಟಿ ಬರೆದಿಡುವ ಹಳೆಯ ವಿಧಾನ ಎಂಬಿಆರ್, ಹೊಸದು ಜಿಪಿಟಿ.

ತೊಡಕು ಎಲ್ಲಿದೆ

ಸಂದೇಶ ಡಿಸ್ಕನ್ನು ದೂರುತ್ತದೆ. ಆದರೆ ತೀರ್ಮಾನ ಅದಕ್ಕೂ ಮೊದಲೇ, ಯಂತ್ರ ಯಾವುದರಿಂದ ಶುರುವಾಗಬೇಕು ಎಂದು ಆರಿಸುವ ಬೂಟ್ ಮೆನುವಿನಲ್ಲೇ ಆಗಿಹೋಗಿರುತ್ತದೆ. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿ, ಬಂದ ಪಟ್ಟಿಯನ್ನು ನಿಧಾನವಾಗಿ ಓದಿ. ಒಂದೇ ಪೆನ್‌ಡ್ರೈವ್ ಎರಡು ಸಾಲಿನಲ್ಲಿ ಇರಬಹುದು: ಒಂದರ ಜೊತೆ ‘ಯುಇಎಫ್ಐ’ ಎಂದಿರುತ್ತದೆ, ಇನ್ನೊಂದರಲ್ಲಿ ಬರೀ ಪೆನ್‌ಡ್ರೈವಿನ ಹೆಸರು. ಯುಇಎಫ್ಐ ಎಂದರೆ ಯಂತ್ರವನ್ನು ಎಬ್ಬಿಸುವ ಹೊಸ ವ್ಯವಸ್ಥೆ, ಬರೀ ಹೆಸರಿನ ಸಾಲು ಹಳೆಯ ಬಯೋಸ್ ವ್ಯವಸ್ಥೆಯದು. ಒಂದೇ ಮನೆಗೆ ಮುಂಬಾಗಿಲೂ ಹಿತ್ತಲ ಬಾಗಿಲೂ ಇದ್ದ ಹಾಗೆ. ಒಳಗೆ ಸಿಗುವ ಸೆಟಪ್ (ವಿಂಡೋಸ್ ಹಾಕುವ ತಂತ್ರಾಂಶ) ಪರದೆ ಒಂದೇ ಆದ್ದರಿಂದ ಯಾವ ಬಾಗಿಲಿನಿಂದ ಬಂದೆವು ಎಂಬುದು ಮರೆತುಹೋಗುತ್ತದೆ. ಸೆಟಪ್ ಮಾತ್ರ ಮರೆಯುವುದಿಲ್ಲ. ಯುಇಎಫ್ಐ ಸಾಲಿನಿಂದ ಬಂದರೆ ಜಿಪಿಟಿ ಡಿಸ್ಕ್ ಬೇಕು ಎನ್ನುತ್ತದೆ. ಹಳೆಯ ಬಯೋಸ್ ಸಾಲಿನಿಂದ ಬಂದರೆ ಎಂಬಿಆರ್ ಬೇಕು ಎನ್ನುತ್ತದೆ, ಜಿಪಿಟಿ ಕಂಡರೆ ತಿರುಗಿಬೀಳುತ್ತದೆ. ಅಂದರೆ ಡಿಸ್ಕಿನಲ್ಲಿ ದೋಷವೇನೂ ಇಲ್ಲ, ಬಂದ ದಾರಿಗೂ ಅದಕ್ಕೂ ಹೊಂದಾಣಿಕೆ ಇಲ್ಲ, ಅಷ್ಟೆ.

ಎಂಬಿಆರ್ ಎಂದರೆ ಡಿಸ್ಕಿನ ಮೊದಲ 512 ಬೈಟ್. ಅದರಲ್ಲಿ ಪಾರ್ಟಿಷನ್ ಪಟ್ಟಿಗೆ ಸಿಗುವುದು 64 ಬೈಟ್. ಒಂದೊಂದಕ್ಕೆ 16 ಬೈಟ್ ಬೇಕು. ನಾಲ್ಕಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಏಕಿಲ್ಲ ಎಂದು ಉರು ಹೊಡೆಯಬೇಕಿಲ್ಲ, ಭಾಗಿಸಿದರೆ ಸಾಕು. ವಿಂಡೋಸ್‌ನಲ್ಲಿ ಜಿಪಿಟಿಗೆ 128ರವರೆಗೆ ಅವಕಾಶ.

ಡಿಸ್ಕಿನಲ್ಲಿ ಏನಿದೆ ಎಂದು ನೋಡಲು ಸೆಟಪ್ ಪರದೆಯಲ್ಲೇ ಶಿಫ್ಟ್ ಮತ್ತು ಎಫ್10 ಒತ್ತಿ. ಕಪ್ಪು ಕಿಟಕಿ ತೆರೆದಾಗ ಡಿಸ್ಕ್‌ಪಾರ್ಟ್, ಆಮೇಲೆ ಲಿಸ್ಟ್ ಡಿಸ್ಕ್. ಸಾಲಿನ ಬಲತುದಿಯಲ್ಲಿ ಜಿಪಿಟಿ ಎಂಬ ಕಾಲಂ ಇದೆ. ಅಲ್ಲಿ ಒಂದು ಚಿಕ್ಕ ನಕ್ಷತ್ರ ಇದ್ದರೆ ಜಿಪಿಟಿ, ಖಾಲಿ ಇದ್ದರೆ ಎಂಬಿಆರ್. ನನಗೆ ತುಂಬ ಇಷ್ಟವಾದ ಪರೀಕ್ಷೆ ಇದು. ಊಹೆಗೆ ಜಾಗವೇ ಇಲ್ಲ.

ಬಿಡಿಸುವ ದಾರಿಗಳು

ಡಿಸ್ಕಿನಲ್ಲಿ ಬೇಕಾದದ್ದು ಏನೂ ಇಲ್ಲದಿದ್ದರೆ ಸೆಟಪ್‌ನಲ್ಲೇ ಆ ಡಿಸ್ಕಿನ ಎಲ್ಲ ಪಾರ್ಟಿಷನ್ ಅಳಿಸಿ, ಖಾಲಿ ಜಾಗವನ್ನು ಆರಿಸಿ ಮುಂದುವರಿಯಿರಿ. ಯುಇಎಫ್ಐ ಸಾಲಿನಿಂದ ಬಂದಿದ್ದರೆ ಅದು ತಾನಾಗಿಯೇ ಜಿಪಿಟಿ ಆಗುತ್ತದೆ.

ಗ್ರಾಹಕರ ಮಕ್ಕಳ ಫೋಟೊ, ಅಂಗಡಿಯ ಲೆಕ್ಕ ಇದ್ದರೆ ಅಳಿಸುವ ಮಾತೇ ಬೇಡ. ವಿಂಡೋಸ್ 10ರ 1703ನೇ ಆವೃತ್ತಿಯಿಂದ ಎಂಬಿಆರ್2ಜಿಪಿಟಿ ಎಂಬ ಸಾಧನ ಜೊತೆಗೇ ಬರುತ್ತದೆ. ಮೊದಲು ವ್ಯಾಲಿಡೇಟ್, ಅದು ಪಾಸಾದರೆ ಮಾತ್ರ ಕನ್ವರ್ಟ್. ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇದ್ದರೆ ಅದು ಒಪ್ಪುವುದಿಲ್ಲ, ಏಕೆಂದರೆ ಬೂಟ್ ಕಡತಗಳಿಗೆಂದು ಹೊಸದೊಂದನ್ನು ಸೇರಿಸಬೇಕಿರುತ್ತದೆ. ಕಡತಗಳು ಉಳಿಯುತ್ತವೆ ನಿಜ, ಆದರೂ ಬೇರೆ ಡಿಸ್ಕಿಗೆ ನಕಲು ತೆಗೆಯದೆ ಕೈ ಹಾಕಬೇಡಿ. ನಮ್ಮೂರಿನ ಬೇಸಿಗೆಯ ಮಧ್ಯಾಹ್ನದ ಕರೆಂಟನ್ನು ನಂಬಿ ಇದನ್ನು ಮಾಡುವವರಿಗೆ ಯುಪಿಎಸ್ ಕಡ್ಡಾಯ. ಪರಿವರ್ತನೆಯಾದ ಮೇಲೆ ಬಯೋಸ್ ಸೆಟ್ಟಿಂಗ್‌ಗೆ ಹೋಗಿ ಬೂಟ್ ಮೋಡನ್ನು ಯುಇಎಫ್ಐಗೆ ಬದಲಿಸಬೇಕು. ಇಲ್ಲದಿದ್ದರೆ ವಿಂಡೋಸ್ ಏಳುವುದೇ ಇಲ್ಲ.

ಗೊಂದಲವೇ ಬೇಡ ಎನ್ನುವವರು ಬೂಟ್ ಮಾಡಲು ಪೆನ್‌ಡ್ರೈವ್ ಸಿದ್ಧಪಡಿಸುವ ತಂತ್ರಾಂಶವಾದ ರೂಫಸ್‌ನಲ್ಲಿ ಪೆನ್‌ಡ್ರೈವ್ ಮಾಡುವಾಗ ಪಾರ್ಟಿಷನ್ ಸ್ಕೀಮ್ ಜಿಪಿಟಿ ಎಂದು ಆರಿಸಿ. ಹಿತ್ತಲ ಬಾಗಿಲಿನಿಂದ, ಅಂದರೆ ಹಳೆಯ ಬಯೋಸ್ ಸಾಲಿನಿಂದ, ಅದು ಬೂಟ್ ಆಗುವುದೇ ಇಲ್ಲ. ಯುಇಎಫ್ಐ ಇಲ್ಲದ ತೀರಾ ಹಳೆಯ ಯಂತ್ರಕ್ಕೆ ಆ ಪೆನ್‌ಡ್ರೈವ್ ಪ್ರಯೋಜನವಿಲ್ಲ.

ಲಿನಕ್ಸ್

ಇಂಟೆಲ್ 8ನೇ ತಲೆಮಾರಿಗಿಂತ ಹಿಂದಿನ ಹೆಚ್ಚಿನ ಪ್ರೊಸೆಸರ್‌ಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಅಂಥವಕ್ಕೆ ನಾನು ಲಿನಕ್ಸ್ ಮಿಂಟ್ ಎಂಬ ಬೇರೆ ಓಎಸ್ ಹಾಕುತ್ತೇನೆ. ವಿಂಡೋಸ್ ಜೊತೆಯಲ್ಲೇ ಇರಬೇಕೆಂದರೆ ಅದು ಯಾವ ಮೋಡಿನಲ್ಲಿದೆಯೋ ಮಿಂಟ್ ಪೆನ್‌ಡ್ರೈವನ್ನೂ ಅದೇ ಸಾಲಿನಿಂದ ಬೂಟ್ ಮಾಡಿ.