ನಾಳೆಗೆ ಸ್ವಲ್ಪ ಹೆಪ್ಪು ಉಳಿಸಿ

ಪ್ರಶ್ನೆ: ಯುಗಾದಿಯ ದಿನ ಕಾದಂಬರಿ ಶುರು ಮಾಡಿದೆ. ಮೊದಲ ಎರಡು ವಾರ ದಿನಾ ಮೂರು ನಾಲ್ಕು ಪುಟ ಬರೆದೆ. ಐವತ್ತನೇ ಪುಟಕ್ಕೆ ನಿಂತುಹೋಯಿತು. ಈಗ ಫೈಲು ತೆರೆಯುವುದಕ್ಕೇ ಮನಸ್ಸಾಗುವುದಿಲ್ಲ. ದಿನಾ ಬರೆಯುವ ಹುರುಪು ಉಳಿಸಿಕೊಳ್ಳುವುದು ಹೇಗೆ? ಮೊದಲಿನಿಂದ ತಿದ್ದಿಕೊಂಡು ಬಂದರೆ ದಾರಿ ಸಿಗಬಹುದೇ?

ಉತ್ತರ: ಐವತ್ತನೇ ಪುಟ ಅಂದಾಗ ನನ್ನ ಬೀರು ನೆನಪಾಯಿತು. ಅದರಲ್ಲಿ ಮೂರು ನೋಟ್‌ಬುಕ್ಕುಗಳಿವೆ. ಮೂರರಲ್ಲೂ ಕಾದಂಬರಿ ನಲವತ್ತರಿಂದ ಅರವತ್ತನೇ ಪುಟದ ನಡುವೆ ಎಲ್ಲೋ ನಿಂತಿದೆ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಅಂತಾರಲ್ಲ, ನನ್ನದೂ ಅದೇ ಕತೆ. ಮೊದಲ ವಾರ ರಾತ್ರಿ ಒಂದು ಗಂಟೆಯವರೆಗೆ ಬರೆಯುತ್ತಿದ್ದೆ. ಮೂರನೇ ವಾರ ಪೆನ್ನಿಗೆ ಇಂಕು ತುಂಬಿಸುವುದರಲ್ಲೇ ಅರ್ಧ ಗಂಟೆ ಕಳೆಯುತ್ತಿದ್ದೆ.

ಅಷ್ಟೇ ಪುಟಕ್ಕೆ ಯಾಕೆ ನಿಲ್ಲುತ್ತದೆ ಎಂದು ಆಗ ತಿಳಿಯಲಿಲ್ಲ. ಈಗ ಒಂದು ಊಹೆ ಇದೆ. ಅಲ್ಲಿಯವರೆಗೆ ನಾವು ಬರೆಯುವುದೆಲ್ಲ ವರ್ಷಗಟ್ಟಲೆ ತಲೆಯಲ್ಲಿ ಹೊತ್ತು ತಿರುಗಿದ ಸರಕು. ಅಜ್ಜಿ ಮನೆಯ ಪಡಸಾಲೆ, ಊರ ಜಾತ್ರೆ, ಬಸ್ಸಿಳಿದು ಬರುವ ನಾಯಕ, ಮೊದಲ ಜಗಳ. ಅದು ತಾನಾಗಿ ಬರುತ್ತದೆ. ಒಂದು ದಿನ ಖಾಲಿಯಾಗುತ್ತದೆ. ಅಲ್ಲಿಂದ ಮುಂದೆ ಪ್ರತಿಯೊಂದನ್ನೂ ಕೂತು ಹುಟ್ಟಿಸಬೇಕು. ನಾವು ಅದನ್ನು 'ಹುರುಪು ಹೋಯಿತು' ಅನ್ನುತ್ತೇವೆ. ಮನೆಯವರು ಇನ್ನೂ ನೇರವಾಗಿ ಸೋಮಾರಿತನ ಅನ್ನುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಫೈಲು ತೆರೆಯಲು ಮನಸ್ಸಾಗದ ದಿನಗಳಲ್ಲೆಲ್ಲ ಕಾರಣ ಹೆಚ್ಚುಕಡಿಮೆ ಒಂದೇ ಇರುತ್ತಿತ್ತು. ತೆರೆದ ಮೇಲೆ ಏನು ಬರೆಯಬೇಕು ಅನ್ನುವುದೇ ಗೊತ್ತಿರುತ್ತಿರಲಿಲ್ಲ.

ಹಾಗಾಗಿ ನಾಳೆಯ ಹುರುಪಿನ ವ್ಯವಸ್ಥೆಯನ್ನು ಇವತ್ತೇ ಮಾಡಿಡಬೇಕು. ಮನೆಯಲ್ಲಿ ಮೊಸರು ಎಷ್ಟೇ ರುಚಿಯಾಗಿರಲಿ, ಅಮ್ಮ ಪಾತ್ರೆಯ ತಳದಲ್ಲಿ ಒಂದು ಚಮಚ ಉಳಿಸುತ್ತಿದ್ದರು. ಹೆಪ್ಪಿಗೆ ಬೇಕಲ್ಲ. ಎಲ್ಲವನ್ನೂ ಬಡಿಸಿಬಿಟ್ಟರೆ ಮರುದಿನ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗಬೇಕು. ಬರವಣಿಗೆಯಲ್ಲೂ ನಾವು ಮಾಡುವ ತಪ್ಪು ಇದೇ. ಲಹರಿ ಬಂದ ದಿನ ಅಧ್ಯಾಯ ಮುಗಿಯುವವರೆಗೆ ಬರೆದು, ಕೊನೆಯ ವಾಕ್ಯಕ್ಕೆ ಚುಕ್ಕಿ ಇಟ್ಟು, ತೃಪ್ತಿಯಿಂದ ಮಲಗುತ್ತೇವೆ. ಮರುದಿನ ಎದುರಿಗೆ ಖಾಲಿ ಹಾಳೆ.

ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ ಇದನ್ನೇ ಬೇರೆ ಮಾತಿನಲ್ಲಿ ಹೇಳಿದ್ದ. ಇನ್ನೂ ಕಸುವು ಇರುವಾಗ, ಮುಂದೆ ಏನಾಗುತ್ತದೆ ಎಂದು ಗೊತ್ತಿರುವಾಗಲೇ ನಿಲ್ಲಿಸಬೇಕು ಎಂದು. ನಾನು ಒಂದು ಹೆಜ್ಜೆ ಮುಂದೆ ಹೋಗಿ ವಾಕ್ಯವನ್ನೇ ಅರ್ಧಕ್ಕೆ ಬಿಡುತ್ತೇನೆ. 'ಬಾಗಿಲು ತೆಗೆದವಳು ಅತ್ತೆ ಅಲ್ಲ,' ಎಂದು ಬರೆದು ಎದ್ದುಬಿಡುತ್ತೇನೆ. ಅದರ ಕೆಳಗೆ ಎರಡು ಸಾಲಿನ ಚೀಟಿ: ಬಾಗಿಲಲ್ಲಿ ಯಾರಿದ್ದಾರೆ, ಅವರಿಗೆ ಏನು ಬೇಕಾಗಿದೆ. ಅಷ್ಟು ಸಾಕು. ರಾತ್ರಿ ಪಾತ್ರೆ ತೊಳೆಯುವಾಗ, ಬೆಳಗ್ಗೆ ಬಸ್ಸಿಗೆ ಕಾಯುವಾಗ ಆ ಅರ್ಧ ವಾಕ್ಯ ತಲೆಯಲ್ಲಿ ತಿರುಗುತ್ತಲೇ ಇರುತ್ತದೆ. ಮರುದಿನ ಕೂತಾಗ ಮೊದಲ ಸಾಲಿಗೆ ಒದ್ದಾಡಬೇಕಾಗಿಲ್ಲ. ಮೊದಮೊದಲು ಹೀಗೆ ಎದ್ದು ಹೋಗುವುದು ಕಷ್ಟ. ಬರುತ್ತಿರುವುದನ್ನು ಯಾಕೆ ತಡೆಯಬೇಕು ಅನಿಸುತ್ತದೆ. ಎರಡು ವಾರ ಮಾಡಿ ನೋಡಿ.

ಎರಡನೇ ವಿಷಯ, ದಿನದ ಲೆಕ್ಕ. ದಿನಕ್ಕೆ ಎಷ್ಟು ಪದ ಎಂದು ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ 1,667 ಎಂಬ ಸಂಖ್ಯೆ ಎದುರಾಗುತ್ತದೆ. ಇದು ಬಂದದ್ದು ಅಮೆರಿಕದ ನ್ಯಾನೋರೈಮೋ ಎಂಬ ಕಾದಂಬರಿ ಸವಾಲಿನಿಂದ. 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ 21 ಜನ ಸೇರಿ ಶುರು ಮಾಡಿದ್ದು. ನವೆಂಬರ್ ತಿಂಗಳಲ್ಲಿ 50,000 ಪದ ಬರೆಯಬೇಕಿತ್ತು. ಅದನ್ನು ಮೂವತ್ತರಿಂದ ಭಾಗಿಸಿದರೆ 1,667. ಆಮೇಲೆ ಜಗತ್ತಿನ ತುಂಬ ಲಕ್ಷಾಂತರ ಜನ ಅದರಲ್ಲಿ ಬರೆದರು. ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕುವುದಾಗಿ ಹೇಳಿತು, ಆದರೆ ಆ ಸಂಖ್ಯೆ ಮಾತ್ರ ಉಳಿದುಕೊಂಡಿದೆ.

ನಮ್ಮವರು ಸುಮ್ನೆ ಆ ಸಂಖ್ಯೆಯನ್ನೇ ತಂದು ಕನ್ನಡಕ್ಕೆ ಹಚ್ಚಿಕೊಳ್ಳುತ್ತಾರೆ. ಅಲ್ಲೇ ಎಡವುವುದು. ಅದು ಇಂಗ್ಲಿಷ್ ಪದಗಳ ಲೆಕ್ಕ. ಕನ್ನಡದಲ್ಲಿ 'ಬರಬೇಕಾಗಿತ್ತಂತೆ' ಒಂದೇ ಪದ. ಅಷ್ಟನ್ನೇ ಇಂಗ್ಲಿಷಿನಲ್ಲಿ ಹೇಳಲು ಐದಾರು ಪದ ಬೇಕು. 'ಮನೆಯೊಳಗಿನಿಂದಲೇ' ಕೂಡ ಹಾಗೆಯೇ. ವಿಭಕ್ತಿ, ಕಾಲ, ಅನುಮಾನ, ಒತ್ತು ಎಲ್ಲವೂ ನಮ್ಮಲ್ಲಿ ಪದದ ಬಾಲಕ್ಕೇ ಅಂಟಿಕೊಳ್ಳುತ್ತವೆ. ಹಾಗಾಗಿ ದಿನಕ್ಕೆ 1,667 ಕನ್ನಡ ಪದ ಅಂದರೆ ಇಂಗ್ಲಿಷಿನವರು ಬರೆಯುವುದಕ್ಕಿಂತ ಎಷ್ಟೋ ಜಾಸ್ತಿ ಬರೆದ ಹಾಗೆ. ಎಂಟು ಪುಟ! ಅದೂ ಕೆಲಸ ಮುಗಿಸಿ ಮನೆಗೆ ಬಂದ ಮೇಲೆ. ನಾಲ್ಕನೇ ದಿನಕ್ಕೆ ಸುಸ್ತಾದರೆ ತಪ್ಪು ಯಾರದ್ದು?

ನನ್ನ ಲೆಕ್ಕ ಇಷ್ಟು. ಡೆಮಿ 1/8, ಅಂದರೆ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಅಳತೆಯ ಕನ್ನಡ ಕಾದಂಬರಿಯ ಒಂದು ಪುಟಕ್ಕೆ ಹೆಚ್ಚುಕಡಿಮೆ 200 ಪದ ಹಿಡಿಯುತ್ತದೆ. ಅಕ್ಷರದ ಗಾತ್ರದ ಮೇಲೆ ಆಚೀಚೆ ಆಗಬಹುದು. ದಿನಕ್ಕೆ 300 ಪದ, ಅಂದರೆ ಒಂದೂವರೆ ಪುಟ. ತಿಂಗಳಿಗೆ ಐದು ದಿನ ಮದುವೆ, ಜ್ವರ, ನೆಂಟರಿಗೆ ಬಿಟ್ಟು ಇಪ್ಪತ್ತೈದು ದಿನ ಬರೆದರೆ 7,500 ಪದ. ಆರು ತಿಂಗಳಿಗೆ 45,000. ಇನ್ನೂರ ಇಪ್ಪತ್ತೈದು ಪುಟದ ಪುಸ್ತಕ. ಹನಿ ಹನಿ ಗೂಡಿದರೆ ಹಳ್ಳ ಎಂದು ಶಾಲೆಯ ಗೋಡೆಯ ಮೇಲೆ ಓದಿ ಓದಿ ಬೇಸರ ಬಂದಿದೆ ನಿಜ. ಆದರೂ ಕಾಗದದ ಮೇಲೆ ಹೀಗೆ ಗುಣಿಸಿ ನೋಡಿದಾಗ ನನಗೆ ಧೈರ್ಯ ಬಂದದ್ದೂ ನಿಜ. ನಿಮಗೆ 300 ಜಾಸ್ತಿ ಅನಿಸಿದರೆ 150 ಇಟ್ಟುಕೊಳ್ಳಿ. ಒಂದು ವರ್ಷ ಆಗುತ್ತದೆ, ಅಷ್ಟೇ ತಾನೇ.

ಕೆಲಸಕ್ಕೆ ಹೋಗುವವರಿಗೆ ಇದು ಆಗದ ಮಾತು ಅನ್ನುವವರು ಆಂಟನಿ ಟ್ರೊಲೋಪ್ ಕತೆ ಕೇಳಬೇಕು. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ. ವರ್ಷಗಟ್ಟಲೆ ಅಂಚೆ ಇಲಾಖೆಯ ನೌಕರ. ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಕೂರುತ್ತಿದ್ದ. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಓದುವುದು. ಆಮೇಲೆ ಗಡಿಯಾರ ಎದುರಿಗಿಟ್ಟುಕೊಂಡು ಹದಿನೈದು ನಿಮಿಷಕ್ಕೆ 250 ಪದ. ಹೀಗೆ 47 ಕಾದಂಬರಿ ಬರೆದ. ಇದಕ್ಕಿಂತ ನನಗೆ ಇಷ್ಟವಾದದ್ದು ಇನ್ನೊಂದು ವಿವರ. ಬೆಳಗ್ಗೆ ಎಬ್ಬಿಸುವುದಕ್ಕೆಂದೇ ಮನೆಯ ಕುದುರೆ ಆಳಿಗೆ ವರ್ಷಕ್ಕೆ ಐದು ಪೌಂಡು ಜಾಸ್ತಿ ಕೊಡುತ್ತಿದ್ದನಂತೆ. ತನ್ನ ಯಶಸ್ಸಿಗೆ ಬೇರೆ ಯಾರಿಗಿಂತಲೂ ಆ ಮುದುಕನಿಗೇ ಹೆಚ್ಚು ಋಣಿಯೇನೋ ಎಂದು ಆತ್ಮಕಥೆಯಲ್ಲಿ ಬರೆದುಕೊಂಡ. ಅಷ್ಟು ಬರೆದವನಿಗೂ ಹಾಸಿಗೆ ಬಿಟ್ಟೇಳಲು ಇನ್ನೊಬ್ಬರು ಬೇಕಾಗಿತ್ತು. ನಮಗೆ ಕುದುರೆಯೂ ಇಲ್ಲ, ಆಳೂ ಇಲ್ಲ. ಮೊಬೈಲ್ ಅಲಾರಂ ಇದೆ, ಆದರೆ ಅದರ ಬಾಯಿ ಮುಚ್ಚಿಸುವುದು ತುಂಬ ಸುಲಭ.

ಸಮಯ, ಜಾಗ, ಪೆನ್ನೋ ಲ್ಯಾಪ್‌ಟಾಪೋ ಎಂಬುದರ ಬಗ್ಗೆ ನನಗೆ ಹೇಳಲು ಏನೂ ಇಲ್ಲ. ಯಾವುದಾದರೂ ಆದೀತು. ಒಂದೇ ಹೊತ್ತಿಗೆ ಕೂತರೆ ಒಳ್ಳೆಯದು.

ನಡುವೆ ಒಂದು ದಿನ ತಪ್ಪಿಹೋದರೆ? ಇಲ್ಲಿ ಜನ ಕಾರಣವಿಲ್ಲದೆ ಕಂಗಾಲಾಗುತ್ತಾರೆ. ವ್ರತ ಕೆಟ್ಟಿತು ಎಂಬಂತೆ ಪೂರ್ತಿ ಕೈಬಿಡುತ್ತಾರೆ. ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸ ಆಗುತ್ತದೆ ಎಂಬ ಮಾತನ್ನೂ ನಂಬಬೇಡಿ. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಸಂಶೋಧಕರು 96 ಜನರನ್ನು ಗಮನಿಸಿದ ಅಧ್ಯಯನವೊಂದಿದೆ. ಊಟದ ಜೊತೆ ಹಣ್ಣು ತಿನ್ನುವುದು, ನೀರು ಕುಡಿಯುವುದು, ಇಂಥ ಸಣ್ಣ ಅಭ್ಯಾಸಗಳೇ ಮೈಗೂಡಲು ಸರಾಸರಿ 66 ದಿನ ಹಿಡಿದಿತ್ತು. ಒಬ್ಬರಿಂದ ಒಬ್ಬರಿಗೆ ವ್ಯತ್ಯಾಸವೂ ಬಹಳ, 18ರಿಂದ 254 ದಿನದವರೆಗೆ. ನಮಗೆ ಬೇಕಾದ ಮಾತು ಅದೇ ಅಧ್ಯಯನದಲ್ಲಿದೆ. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂಡಿಬರುವುದಕ್ಕೆ ಹೇಳಿಕೊಳ್ಳುವಂಥ ತೊಂದರೆ ಆಗಿರಲಿಲ್ಲ. ತಪ್ಪಿದ ದಿನದ ಬಾಕಿಯನ್ನು ಮರುದಿನ ಸೇರಿಸಿ 600 ಬರೆಯಲು ಹೋಗಬೇಡಿ. ಸಾಲ ಬೆಳೆದ ಹಾಗೆ ಬೆಳೆದು ಅದೇ ಹೆದರಿಕೆಯಾಗುತ್ತದೆ. ಬಿಟ್ಟದ್ದು ಬಿಟ್ಟಿತು. ಮತ್ತೆ 300.

'ಬರೆದದ್ದೆಲ್ಲ ಕಸ' ಅನಿಸುವ ದಿನಗಳು ಬಂದೇ ಬರುತ್ತವೆ. 1938ರಲ್ಲಿ ಜಾನ್ ಸ್ಟೈನ್‌ಬೆಕ್ ಒಂದು ದೊಡ್ಡ ಕಾದಂಬರಿ ಬರೆಯುತ್ತಾ ಪಕ್ಕದಲ್ಲೇ ದಿನಚರಿಯನ್ನೂ ಬರೆಯುತ್ತಿದ್ದ. ತಾನು ಲೇಖಕನೇ ಅಲ್ಲ, ತನ್ನನ್ನೂ ಜನರನ್ನೂ ಮರುಳು ಮಾಡುತ್ತಾ ಬಂದಿದ್ದೇನೆ ಎಂಬ ಅಳಲು ಅದರಲ್ಲಿದೆ. ಆ ಕಾದಂಬರಿ ಸುಮಾರು ಐದು ತಿಂಗಳಲ್ಲಿ ಮುಗಿಯಿತು. 1940ರಲ್ಲಿ ಅದಕ್ಕೆ ಪುಲಿಟ್ಜರ್ ಬಹುಮಾನ ಬಂತು. ನಾನು ಈ ಕತೆಯಿಂದ ಕಲಿತದ್ದು ಬಹುಮಾನದ ವಿಷಯವನ್ನಲ್ಲ, ದಿನಚರಿಯ ಉಪಾಯವನ್ನು. ಗೊಣಗಾಟಕ್ಕೆ ಬೇರೆ ನೋಟ್‌ಬುಕ್ ಇಡಿ. ಕೂತ ತಕ್ಷಣ ಐದು ಸಾಲು ಗೊಣಗಿ, ಆಮೇಲೆ ಕಾದಂಬರಿಗೆ ಬನ್ನಿ. ಇಲ್ಲದಿದ್ದರೆ ನಿಮ್ಮ ಬೇಸರವೆಲ್ಲ ಪಾತ್ರಗಳ ಬಾಯಿಗೆ ಬರುತ್ತದೆ. ನನ್ನ ಎರಡನೇ ನೋಟ್‌ಬುಕ್ಕಿನಲ್ಲಿ ಎಲ್ಲರೂ ನಲವತ್ತನೇ ಪುಟದ ಹೊತ್ತಿಗೆ ಬದುಕು ಸಾಕಾಗಿದೆ ಎಂದು ಮಾತಾಡತೊಡಗುತ್ತಾರೆ. ಸಾಕಾಗಿದ್ದದ್ದು ನನಗೆ.

ಇನ್ನು ಯಾರಾದರೂ ಕಾಯುತ್ತಿದ್ದರೆ ಬರೆಯುವ ಕೈ ತಾನೇ ಚುರುಕಾಗುತ್ತದೆ. ಸುಧಾ, ತರಂಗದಂಥ ವಾರಪತ್ರಿಕೆಗಳ ಧಾರಾವಾಹಿ ಓದಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 'ಮುಂದುವರಿಯುವುದು' ಎಂಬ ಒಂದು ಪದಕ್ಕೆ ವಾರವಿಡೀ ಕಾಯುತ್ತಿದ್ದೆವು ಅಲ್ವಾ. ನಿಮಗೆ ಪತ್ರಿಕೆ ಬೇಡ, ಒಬ್ಬರು ಸಾಕು. ಅಕ್ಕನೋ ಗೆಳತಿಯೋ ಆಗಲಿ. ಪ್ರತಿ ಭಾನುವಾರ ವಾರದ ಕಂತು ಕಳಿಸಿ. ಒಂದೇ ಷರತ್ತು, ಅವರು ವಿಮರ್ಶೆ ಮಾಡಬಾರದು. 'ಆಮೇಲೇನಾಯ್ತು?' ಎಂದು ಮಾತ್ರ ಕೇಳಬೇಕು. ವಿಮರ್ಶಕರಾಗಿರುವ ಸ್ನೇಹಿತರನ್ನು ಈ ಕೆಲಸಕ್ಕೆ ದಯವಿಟ್ಟು ಹಿಡಿಯಬೇಡಿ.

ಕೊನೆಗೆ ನಿಮ್ಮ ಎರಡನೇ ಪ್ರಶ್ನೆ. ಮೊದಲಿನಿಂದ ತಿದ್ದಿಕೊಂಡು ಬರಬೇಡಿ. ಅದು ಕೆಲಸ ಮಾಡಿದ ಹಾಗೆ ಕಾಣುತ್ತದೆ, ಅದಕ್ಕೇ ಅಪಾಯ. ನನ್ನ ಮೊದಲ ನೋಟ್‌ಬುಕ್ಕಿನ ಮೊದಲ ಅಧ್ಯಾಯಕ್ಕೆ ಏಳು ರೂಪಗಳಿವೆ, ಐದನೇ ಅಧ್ಯಾಯ ಮಾತ್ರ ಇವತ್ತಿಗೂ ಇಲ್ಲ. ಟ್ರೊಲೋಪ್ ಮಾಡಿದಂತೆ ನಿನ್ನೆಯದನ್ನು ಮಾತ್ರ ಓದಿಕೊಳ್ಳಿ. ಹಿಂದೆ ಏನಾದರೂ ಬದಲಾಗಬೇಕು ಅನಿಸಿದರೆ ಒಂದು ಚೀಟಿ ಬರೆದಿಡಿ. 'ಮಾವ ಮೇಷ್ಟ್ರಾಗಿರುವುದು ಬೇಡ, ಅಂಗಡಿ ಇಟ್ಟಿರಲಿ' ಎಂದು. ಬರೆದು, ಐವತ್ತೊಂದನೇ ಪುಟದಿಂದ ಮಾವನನ್ನು ಅಂಗಡಿಯಲ್ಲೇ ಕೂರಿಸಿ ಮುಂದೆ ಹೋಗಿ. ಹಿಂದಿನ ಐವತ್ತು ಪುಟಗಳಲ್ಲಿ ಅವರು ಪಾಠ ಮಾಡುತ್ತಿದ್ದರೆ ಮಾಡಿಕೊಂಡಿರಲಿ. ಕೊನೆಯ ಪುಟ ಬರೆದಾದ ಮೇಲೆ ಅವರನ್ನು ವಿಚಾರಿಸಿಕೊಂಡರಾಯಿತು.