ಪೊರೆ ‘ಹಣ್ಣಾಗಲಿ’ ಅಂತ ಕಾಯಬೇಕಾ?

ಓದುಗರ ಪ್ರಶ್ನೆ: ನಮ್ಮ ಅತ್ತೆಗೆ 68 ವರ್ಷ. ಮಾಗಡಿ ರೋಡಿನಲ್ಲಿ ನಮ್ಮ ಜೊತೆಗೇ ಇದ್ದಾರೆ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸಿ ಅಂತ ಡಾಕ್ಟರು ಹೇಳಿದ್ದಾರೆ. ಆದರೆ ಊರಿನಲ್ಲಿ ದೊಡ್ಡವರೆಲ್ಲ ‘ಇನ್ನೂ ಹಣ್ಣಾಗಿಲ್ಲ, ಪೂರ್ತಿ ಹಣ್ಣಾದ ಮೇಲೆ ತೆಗೆಸಿದರೆ ಒಳ್ಳೆಯದು’ ಅನ್ನುತ್ತಾರೆ. ಕಾಯೋಣವಾ, ಮಾಡಿಸಿಬಿಡೋಣವಾ?

ಉತ್ತರ: ಹಣ್ಣಾಗಲಿ ಅಂತ ಕಾಯಬೇಡಿ. ಹಾಗಂತ ಪೊರೆ ಇದೆ ಅಂದ ಕೂಡಲೇ ನಾಳೆಯೇ ಆಸ್ಪತ್ರೆ ಸೇರಬೇಕು ಅಂತಲೂ ಇಲ್ಲ. ಅತ್ತೆಯವರಿಗೆ ದಿನದ ಕೆಲಸ ಮಾಡಿಕೊಳ್ಳಲು ಕಣ್ಣು ಸಾಕಾಗುತ್ತಿದೆಯಾ ಅನ್ನುವುದನ್ನು ನೋಡಿ. ಸಾಕಾಗುತ್ತಿಲ್ಲ ಅಂದರೆ ಅದೇ ಸರಿಯಾದ ಸಮಯ.

ಊರಿನ ದೊಡ್ಡವರು ಸುಮ್ನೆ ಹೇಳುತ್ತಿಲ್ಲ. ಅವರು ಕಂಡ ಆಪರೇಷನ್ ಬೇರೆ ಥರದ್ದು. ಬೀಳಗಿಯ ಡಾ. ಎಂ.ಸಿ. ಮೋದಿಯವರು ಹಳ್ಳಿ ಹಳ್ಳಿಗೆ ಹೋಗಿ ಕಣ್ಣಿನ ಶಿಬಿರ ಮಾಡುತ್ತಿದ್ದ ಕಾಲ ಅವರಿಗೆ ನೆನಪಿರುತ್ತದೆ. ಬೆಂಗಳೂರಿನವರಿಗೆ ಅವರ ಹೆಸರು ಇವತ್ತಿಗೂ ರಾಜಾಜಿನಗರದ ಕಡೆಯ ‘ಮೋದಿ ಆಸ್ಪತ್ರೆ’ ಸ್ಟಾಪಿನಿಂದ ಗೊತ್ತು. ಅಂಥ ಶಿಬಿರಗಳಿಂದ ಸಾವಿರಾರು ಬಡವರಿಗೆ ಮತ್ತೆ ಕಣ್ಣು ಬಂತು. ಆದರೆ ಆ ಕಾಲದ ಆಪರೇಷನ್‌ನಲ್ಲಿ ಕಣ್ಣಿನ ಲೆನ್ಸನ್ನು ಇಡಿಯಾಗಿ ಹೊರಗೆ ತೆಗೆಯುತ್ತಿದ್ದರು. ಅದರ ಜಾಗಕ್ಕೆ ಏನೂ ಹಾಕುತ್ತಿರಲಿಲ್ಲ. ಆಮೇಲೆ ಜೀವನವಿಡೀ ಸೋಡಾ ಬುಡ್ಡಿ ಕನ್ನಡಕ. ಅದರಲ್ಲಿ ವಸ್ತುಗಳೆಲ್ಲ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತವೆ, ಪಕ್ಕದಿಂದ ಬರುವವರು ಕಾಣುವುದೇ ಇಲ್ಲ. ಸ್ವಲ್ಪವಾದರೂ ಕಣ್ಣು ಕಾಣುತ್ತಿರುವವರು ಯಾಕೆ ಆ ಕಷ್ಟಕ್ಕೆ ಒಪ್ಪುತ್ತಾರೆ? ಇನ್ನೊಂದು ಕಾರಣವೂ ಇತ್ತು. ಅಂದಿನ ಸಲಕರಣೆಗಳಲ್ಲಿ ಬಲಿತ ಪೊರೆ ಸಲೀಸಾಗಿ ಬರುತ್ತಿತ್ತು, ಎಳೆಯದು ಅಂಟಿಕೊಂಡು ಚೂರು ಒಳಗೇ ಉಳಿಯುತ್ತಿತ್ತು. ಕಾಯುವುದು ಆಗ ಬುದ್ಧಿವಂತರ ಕೆಲಸವೇ ಆಗಿತ್ತು.

ಈಗ ಲೆಕ್ಕ ತಿರುಗಿದೆ. ಕಣ್ಣಿನೊಳಗೇ ಲೆನ್ಸ್ ಕೂರಿಸುವ ಕೆಲಸವನ್ನು 1949ರಲ್ಲಿ ಲಂಡನ್‌ನಲ್ಲಿ ಹೆರಾಲ್ಡ್ ರಿಡ್ಲಿ ಶುರು ಮಾಡಿದರು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್, ಪೊರೆಯನ್ನು ಅಲ್ಟ್ರಾಸೌಂಡ್‌ನಿಂದ ಪುಡಿ ಮಾಡಿ ಹೀರುವ ‘ಫೇಕೊ’ ವಿಧಾನ ತಂದರು. 1992ರಿಂದ ಮದುರೈನ ಅರೋಲ್ಯಾಬ್ ಇಲ್ಲೇ ಲೆನ್ಸ್ ತಯಾರಿಸತೊಡಗಿದ ಮೇಲೆ ಬೆಲೆಯೂ ನಮ್ಮ ಕೈಗೆ ಎಟುಕಿತು. ಇವತ್ತು ಎರಡು ಮೂರು ಮಿಲಿಮೀಟರ್ ಸೀಳಿನಲ್ಲಿ ಕೆಲಸ ಮುಗಿಯುತ್ತದೆ. ಮಡಿಚಿದ ಲೆನ್ಸ್ ಒಳಗೆ ಹೋಗಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಸಾಮಾನ್ಯವಾಗಿ ಹೊಲಿಗೆ ಬೇಕಿಲ್ಲ, ಸಂಜೆಗೆ ಮನೆ.

ಈ ವಿಧಾನಕ್ಕೆ ಎಳೆಯ ಪೊರೆಯೇ ವಾಸಿ. ಎಳನೀರಿನ ಗಂಜಿಯನ್ನು ಚಿಪ್ಪಿನ ಚೂರಿನಿಂದಲೇ ಕೆರೆದು ತಿನ್ನುತ್ತೇವೆ, ಅದೇ ಒಣಕೊಬ್ಬರಿಗೆ ಚಾಕು ಹಾಕಿ ಒತ್ತಬೇಕು, ಅಲ್ವಾ? ಪೊರೆ ಕೊಬ್ಬರಿಯಾದಷ್ಟೂ ಅದನ್ನು ಒಡೆಯಲು ಜಾಸ್ತಿ ಶಕ್ತಿ ಬಿಡಬೇಕು. ಆ ಪೆಟ್ಟು ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಹೊದಿಕೆಯ, ಒಳಪದರಕ್ಕೆ ತಗಲುತ್ತದೆ. ಅಲ್ಲಿನ ಜೀವಕೋಶ ಸತ್ತರೆ ಮತ್ತೆ ಹುಟ್ಟುವುದಿಲ್ಲ. ತುಂಬ ಗಟ್ಟಿಯಾದ ಪೊರೆಗೆ ಸ್ವಲ್ಪ ದೊಡ್ಡ ಸೀಳಿನ, ಕೈಯಿಂದಲೇ ತೆಗೆಯುವ ವಿಧಾನ ಇದೆ. ಅದೂ ಒಳ್ಳೆಯದೇ. ಆದರೆ ಬೇಕೆಂದೇ ಅಲ್ಲಿಯವರೆಗೆ ಎಳೆಯುವುದು ಯಾಕೆ?

ಕಾದರೆ ಏನಾಗುತ್ತದೆ ಅಂತ ನಮ್ಮ ಮನೆಯಲ್ಲೇ ನೋಡಿದ್ದೇನೆ. ಕುಣಿಗಲ್ ಕಡೆಯ ನಮ್ಮ ತಾತ ‘ಹಣ್ಣಾಗಲಿ’ ಅಂತಲೇ ವರ್ಷಗಟ್ಟಲೆ ಕೂತರು. ಒಂದು ರಾತ್ರಿ ಕಣ್ಣು ಕೆಂಪಗಾಯಿತು. ಅರ್ಧ ತಲೆ ಸಿಡಿಯುವ ನೋವು, ವಾಂತಿ. ಪಿತ್ತ ಅಂದುಕೊಂಡು ಅಜ್ಜಿ ಜೀರಿಗೆ ಕಷಾಯ ಕೊಟ್ಟರು. ಬೆಂಗಳೂರಿಗೆ ಕರೆತರುವಷ್ಟರಲ್ಲಿ ಮೂರು ದಿನ ಆಗಿತ್ತು. ಅತಿಯಾಗಿ ಬಲಿತ ಲೆನ್ಸ್ ಊದಿಕೊಂಡು, ಕಣ್ಣಿನೊಳಗಿನ ನೀರು ಹರಿಯುವ ದಾರಿ ಮುಚ್ಚಿತ್ತು. ಒತ್ತಡ ಏರಿ ನರ ಹೋಗಿತ್ತು. ಪೊರೆ ತೆಗೆದರು. ಆ ಕಣ್ಣಿಗೆ ಬೆಳಕು ಬರಲಿಲ್ಲ. ಈ ಉತ್ತರ ಇಷ್ಟು ಒತ್ತಿ ಬರೆಯುತ್ತಿರುವುದು ಅದಕ್ಕೇ.

‘ಪೊರೆ’ ಅನ್ನುವ ಮಾತೂ ನಮ್ಮನ್ನು ದಾರಿ ತಪ್ಪಿಸುತ್ತದೆ. ಹಾವಿನ ಪೊರೆಯ ಹಾಗೆ ಕಣ್ಣಿನ ಮೇಲೆ ಏನೋ ಬೆಳೆದಿದೆ, ಡ್ರಾಪ್ಸ್ ಹಾಕಿದರೆ ಕರಗುತ್ತದೆ ಅಂತ ಜನ ನಂಬುತ್ತಾರೆ. ಮಂಜಾಗುವುದು ಕಣ್ಣಿನೊಳಗಿನ ಲೆನ್ಸೇ. ಅದನ್ನು ಕರಗಿಸುವ ಡ್ರಾಪ್ಸ್ ಇಲ್ಲ. ಜೇನುತುಪ್ಪ, ಎಲೆಯ ರಸ ಅಂತ ದಯವಿಟ್ಟು ಏನನ್ನೂ ಹಾಕಬೇಡಿ, ಸೋಂಕು ತಗಲಿ ಇರುವ ಕಣ್ಣೂ ಹೋಗಬಹುದು.

ಅತ್ತೆಯವರನ್ನು ಒಂದು ವಾರ ಗಮನಿಸಿ. ಅಕ್ಕಿಯಲ್ಲಿ ಕಲ್ಲು ಕಾಣುತ್ತಿದೆಯಾ? ಬಸ್ಸಿನ ನಂಬರ್ ಬೇರೆಯವರನ್ನು ಕೇಳುತ್ತಾರಾ? ಸಂಜೆ ಎದುರಿನ ಗಾಡಿಯ ಲೈಟಿಗೆ ಕಣ್ಣು ಮುಚ್ಚಿಕೊಳ್ಳುತ್ತಾರಾ? ಕೊನೇ ಮೆಟ್ಟಿಲಿನಲ್ಲಿ ಕಾಲು ತಡವರಿಸುತ್ತದಾ? ಇದ್ದಕ್ಕಿದ್ದ ಹಾಗೆ ಕನ್ನಡಕ ಇಲ್ಲದೆ ಪೇಪರ್ ಓದತೊಡಗಿದರೆ ಖುಷಿಪಟ್ಟು ಸುಮ್ಮನಾಗಬೇಡಿ. ಪೊರೆ ಗಟ್ಟಿಯಾಗುವಾಗ ಕಣ್ಣಿನ ಪವರ್ ಬದಲಾಗಿ ಸ್ವಲ್ಪ ಕಾಲ ಹೀಗಾಗುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಬೇಗ ತೋರಿಸಿ. ಪೊರೆ ದಟ್ಟವಾದರೆ ಕಣ್ಣಿನ ಹಿಂಭಾಗದಲ್ಲಿ ಚಿತ್ರ ಮೂಡುವ ಪರದೆಯಾದ ರೆಟಿನಾ ಡಾಕ್ಟರಿಗೆ ಕಾಣುವುದಿಲ್ಲ, ಅಲ್ಲಿ ಹಾನಿ ಆಗುತ್ತಿದ್ದರೂ ಗೊತ್ತಾಗುವುದಿಲ್ಲ.

ಆಸ್ಪತ್ರೆಯಲ್ಲಿ ‘ಯಾವ ಲೆನ್ಸ್ ಹಾಕಲಿ?’ ಅಂತ ಕೇಳುತ್ತಾರೆ. ಹೆಚ್ಚಿನ ಹಿರಿಯರಿಗೆ ಮೊನೊಫೋಕಲ್ ಲೆನ್ಸೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ದೂರ ಚೆನ್ನಾಗಿ ಕಾಣುತ್ತದೆ, ಓದಲು ಕನ್ನಡಕ ಬೇಕು. ಮಲ್ಟಿಫೋಕಲ್‌ನಲ್ಲಿ ಕನ್ನಡಕದ ಅವಲಂಬನೆ ಕಡಿಮೆ, ಆದರೆ ದುಬಾರಿ. ರಾತ್ರಿ ದೀಪದ ಸುತ್ತ ಬಳೆಗಳು ಕಾಣಬಹುದು, ರೆಟಿನಾ ತೊಂದರೆ ಇರುವವರಿಗೆ ಹೊಂದುವುದಿಲ್ಲ. ಸಿಲಿಂಡರ್ ಪವರ್ (ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದ ದೋಷ) ಜಾಸ್ತಿ ಇದ್ದರೆ ಅದನ್ನು ಸರಿಪಡಿಸುವ ಟೋರಿಕ್ ಲೆನ್ಸ್ ಕೇಳಿ. ಸಾಲ ಮಾಡಿ ದುಬಾರಿ ಲೆನ್ಸ್ ಹಾಕಿಸುವ ಅಗತ್ಯ ಖಂಡಿತ ಇಲ್ಲ. ಹಣದ ಚಿಂತೆ ಇದ್ದರೆ ಚಾಮರಾಜಪೇಟೆಯ ಸರ್ಕಾರಿ ಮಿಂಟೋ ಆಸ್ಪತ್ರೆ ಇದೆ, 1896ರಿಂದ ಕಣ್ಣಿಗೇ ಮೀಸಲು. ಬಿಪಿಎಲ್ ಕಾರ್ಡ್, ಆಧಾರ್ ಎರಡೂ ಇಟ್ಟುಕೊಂಡು ಬೆಳಿಗ್ಗೆ ಬೇಗ ಹೋಗಿ. ಪಾಪೆ ಅಗಲ ಮಾಡುವ ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಜೊತೆಗೊಬ್ಬರು ಇರಲೇಬೇಕು.

ಆಪರೇಷನ್‌ಗೆ ಮುಂಚೆ ಅವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ಡಾಕ್ಟರಿಗೆ ತೋರಿಸಿ. ರಕ್ತ ತೆಳುವಾಗುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮನೆಯಲ್ಲಿ ಗಂಡಸರಿಗೂ ಪೊರೆ ಇದ್ದು, ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಹೇಳಲೇಬೇಕು, ಆಪರೇಷನ್ ವೇಳೆ ಪಾಪೆ ಕುಗ್ಗಿ ತೊಂದರೆ ಆಗಬಹುದು. ಆಮೇಲೆ ಡ್ರಾಪ್ಸ್ ನಾಲ್ಕರಿಂದ ಆರು ವಾರ. ಹಾಕುವ ಮುಂಚೆ ಪ್ರತಿ ಸಲ ಕೈ ತೊಳೆಯಿರಿ, ಕಣ್ಣು ಉಜ್ಜಲು ಬಿಡಬೇಡಿ. ನೋವು, ಕೆಂಪು ಜಾಸ್ತಿಯಾದರೆ, ಬಂದ ದೃಷ್ಟಿ ಮತ್ತೆ ಮಂಜಾದರೆ ಅದೇ ದಿನ ವಾಪಸ್ ಹೋಗಿ, ಬೆಳಗಾಗಲಿ ಅನ್ನಬೇಡಿ.

ಮಕ್ಕಳ ವಿಷಯದಲ್ಲಿ ಕಾಯುವ ಮಾತೇ ಇಲ್ಲ. ಮಗುವಿನ ಪಾಪೆ ಬೆಳ್ಳಗೆ ಕಂಡರೆ, ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಒಂದು ಕಣ್ಣು ಬಿಳಿಯಾಗಿ ಹೊಳೆದರೆ, ಆ ವಾರವೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಅದು ಪೊರೆ ಇರಬಹುದು, ಕಣ್ಣಿನ ಗೆಡ್ಡೆಯೂ ಇರಬಹುದು. ನೋಡುವುದನ್ನು ಮಿದುಳು ಕಲಿಯುವುದು ಆ ವಯಸ್ಸಿನಲ್ಲೇ. ಆಗ ತಡೆ ಇದ್ದರೆ ಆಮೇಲೆ ಆಪರೇಷನ್ ಮಾಡಿಸಿದರೂ ಪೂರ್ತಿ ದೃಷ್ಟಿ ಬರುವುದಿಲ್ಲ. ಇನ್ನು ಹರೆಯದವರು ಕಣ್ಣು ತುರಿಕೆಗೆ ಮೆಡಿಕಲ್ ಸ್ಟೋರಿನಿಂದ ಸ್ಟೀರಾಯ್ಡ್ ಡ್ರಾಪ್ಸ್ ತಂದು ತಿಂಗಳುಗಟ್ಟಲೆ ಹಾಕಿಕೊಳ್ಳುವುದೂ ಪೊರೆಗೆ ದಾರಿ.

ಸಾಮಾನ್ಯವಾಗಿ ಎರಡೂ ಕಣ್ಣು ಒಟ್ಟಿಗೆ ಮಾಡುವುದಿಲ್ಲ, ಒಂದು ವಾಸಿಯಾದ ಮೇಲೆ ಇನ್ನೊಂದು. ನಮ್ಮ ಅಮ್ಮನಿಗೆ ಬಲಗಣ್ಣು ಆದ ವಾರ, ಒಣಗಿದ ಬಟ್ಟೆ ಮಡಿಚುತ್ತಾ ಕೂತಿದ್ದರು. ಅಪ್ಪನ ಪಂಚೆ ಎತ್ತಿಕೊಂಡು, ಮುಟ್ಟದೆ ಒಂದು ಕಣ್ಣು ಮುಚ್ಚಿ ನೋಡಿದರು, ಆಮೇಲೆ ಇನ್ನೊಂದು. ‘ಈ ಕಣ್ಣಲ್ಲಿ ಬೆಳ್ಳಗಿದೆ ಕಣೋ, ಆ ಕಣ್ಣಲ್ಲಿ ಬೆಲ್ಲದ ನೀರಿಗೆ ಅದ್ದಿದ ಹಾಗಿದೆ’ ಅಂದರು. ಎಡಗಣ್ಣಿಗೆ ಯಾವಾಗ ಅಂತ ಅವರೇ ಕೇಳಿದರು.