ಎಸಿ 22ರಲ್ಲಿತ್ತು, ಇಲಿ ಎಷ್ಟರಲ್ಲಿತ್ತು?

ವಾರಕ್ಕೊಮ್ಮೆಯಾದರೂ ವಾಟ್ಸಾಪಿಗೆ ಒಂದು ಫೋಟೊ ಬರುತ್ತದೆ. ಅಲ್ಟ್ರಾಸೌಂಡಿನಲ್ಲಿ ಕಂಡ ಸಣ್ಣ ಇಲಿಯ ತೊಡೆಯ ಅಪಧಮನಿ, ಕಪ್ಪು ಪಟ್ಟಿಯ ಹಾಗೆ. ಕೆಳಗೆ, "0.31 ಮಿಮೀ ಇದ್ದದ್ದು 0.35 ಆಗಿದೆ, ಶೇ. 13 ಹಿಗ್ಗಿದೆ. ಚೆನ್ನಾಗಿದೆ ಅಲ್ವಾ ಮೇಡಂ?"

ನನಗೆ ಹೇಗೆ ಗೊತ್ತಾಗಬೇಕು? 40 ಮೆಗಾಹರ್ಟ್ಸ್ ಪ್ರೋಬಿನಿಂದ ಹೊರಟ ಒಂದು ಅಲೆಯ ಉದ್ದವೇ ಮೈಯೊಳಗೆ ಸುಮಾರು 0.038 ಮಿಮೀ. ನೀವು ಖುಷಿಪಡುತ್ತಿರುವುದು 0.04ಕ್ಕೆ. ಕೈ ಸ್ವಲ್ಪ ಒತ್ತಿದರೂ ಅಷ್ಟು ಬದಲಾಗುತ್ತದೆ. ಹೋಗಲಿ, ಪ್ರೋಬನ್ನು ಸ್ಟ್ಯಾಂಡಿಗೆ ಬಿಗಿದು, ಹತ್ತಾರು ಬಡಿತಗಳ ಸರಾಸರಿ ತೆಗೆದರೆ ಅದನ್ನು ಸುಧಾರಿಸಬಹುದು. ನನ್ನ ತಕರಾರು ಮೊದಲ ಅಂಕಿಯದ್ದು. ಆ 0.31 ಎಲ್ಲಿಂದ ಬಂತು?

ರಕ್ತನಾಳದ ಒಳಪದರ ಆರೋಗ್ಯವಾಗಿದೆಯೇ ಅಂತ ನೋಡುವ ಈ ಪರೀಕ್ಷೆ ನಿಮಗೆ ಗೊತ್ತೇ ಇದೆ. ಇಲಿಯ ಕಾಲಿಗೆ ಕಫ್, ಅಂದರೆ ಗಾಳಿ ತುಂಬುವ ಪಟ್ಟಿ, ಬಿಗಿದು ಐದು ನಿಮಿಷ ರಕ್ತ ತಡೆಯುತ್ತೇವೆ, ಬಿಡುತ್ತೇವೆ. ನುಗ್ಗಿದ ರಕ್ತ ನಾಳದ ಒಳಪದರವನ್ನು ಉಜ್ಜಿದಾಗ ಅದು ನೈಟ್ರಿಕ್ ಆಕ್ಸೈಡ್ ಬಿಡುತ್ತದೆ, ನಾಳ ಹಿಗ್ಗುತ್ತದೆ. ಎಷ್ಟು ಹಿಗ್ಗಿತು ಅನ್ನುವುದನ್ನು ಲೆಕ್ಕ ಹಾಕುವುದು ಮೊದಲಿದ್ದ ಅಗಲದ ಮೇಲೆ. ಇಲಿ ತಣ್ಣಗಿದ್ದರೆ ನಾಳ ಮುದುಡಿರುತ್ತದೆ. ಆಮೇಲೆ ಇಲಿಯ ಕೆಳಗಿನ ಪ್ಯಾಡಿನ ಬಿಸಿಗೆ ತಾನಾಗಿ ತೆರೆದುಕೊಂಡರೂ ನೀವದನ್ನು ಕಫ್‌ನ ಖಾತೆಗೆ ಬರೆಯುತ್ತೀರಿ. ಐಸೋಫ್ಲುರೇನ್ ಜಾಸ್ತಿಯಾದರೆ ಉಲ್ಟಾ. ಆ ಅರಿವಳಿಕೆಯೇ ನಾಳವನ್ನು ಹಿಗ್ಗಿಸಿ ಇಟ್ಟಿರುತ್ತದೆ, ಕಫ್ ಬಿಟ್ಟಾಗ ಇನ್ನು ಹಿಗ್ಗಲು ಜಾಗವಿರುವುದಿಲ್ಲ. ಹೊಟ್ಟೆ ತುಂಬಿದವನ ಮುಂದೆ ಹೋಳಿಗೆ ಇಟ್ಟು, ಇವನಿಗೆ ಹಸಿವೇ ಇಲ್ಲ ಅಂದ ಹಾಗೆ. ಅಂದರೆ ಒಂದೇ ಇಲಿ, ಒಂದೇ ನಾಳ, ಬೆಳಗ್ಗೆ ಆರೋಗ್ಯವಂತ, ಮಧ್ಯಾಹ್ನ ರೋಗಿ!

ಇದು ನನಗೂ ಪುಸ್ತಕದಿಂದ ತಲೆಗೆ ಹತ್ತಿದ್ದಲ್ಲ. ಕೆಲವು ವರ್ಷಗಳ ಹಿಂದೆ ಪುಣೆಯ ಒಂದು ಲ್ಯಾಬಿಗೆ ಸ್ಕ್ಯಾನ್ ಕಲಿಸಲು ಹೋಗುತ್ತಿದ್ದೆ. ವಿಜಯಪುರದ ಹುಡುಗಿಯೊಬ್ಬಳು ಪಿಎಚ್‌ಡಿ ಮಾಡುತ್ತಿದ್ದಳು. ಸುತ್ತ ಎಲ್ಲ ಮರಾಠಿ, ಕನ್ನಡಕ್ಕೆ ನಾನೊಬ್ಬಳೇ. ಒಂದು ದಿನ ಓಡಿಬಂದಳು. "ಮೇಡಂ, ಔಷಧಿ ಭಾರೀ ಕೆಲಸ ಮಾಡಾಕತ್ತೈತ್ರೀ!" ಗ್ರಾಫ್ ನೋಡಿ ನನಗೂ ಖುಷಿಯಾಯಿತು, ಒಪ್ಪಿಕೊಳ್ಳುತ್ತೇನೆ. ಪಂಜರ ಎತ್ತಿಡುತ್ತಿದ್ದ ಅನಿಮಲ್ ಹೌಸಿನ ಮಾಮಾ ಟೇಬಲ್ ಮೇಲಿದ್ದ ಇಲಿಯ ಪಾದವನ್ನು ಎರಡು ಬೆರಳಲ್ಲಿ ಹಿಡಿದು, "ಮ್ಯಾಡಮ್, ಪಾಯ್ ಗಾರ್ ಆಹೇತ್" ಅಂದರು. ಪಾದ ತಣ್ಣಗಿವೆ, ಅಷ್ಟೇ.

ನಾನೂ ಮುಟ್ಟಿ ನೋಡಿದೆ. ಕೂದಲು ತೆಗೆಯುವ ಕ್ರೀಮ್ ಹಚ್ಚಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ತಣ್ಣನೆಯ ಜೆಲ್ ಸುರಿದಿದ್ದಳು. ಔಷಧಿ ಕೊಟ್ಟ ಇಲಿಗಳನ್ನು ಸ್ಕ್ಯಾನ್ ಮಾಡಿದ್ದು ಬೆಳಗ್ಗೆ, ಪ್ಯಾಡ್ ಇನ್ನೂ ಬಿಸಿಯೇರುತ್ತಿದ್ದಾಗ. ಕೊಡದವನ್ನು ಊಟದ ನಂತರ, ಪ್ಯಾಡ್ ಚೆನ್ನಾಗಿ ಕಾದ ಮೇಲೆ. ಜೆಲ್ ಬಾಟ್ಲಿಯನ್ನು ಬಿಸಿನೀರಲ್ಲಿಟ್ಟು, ಗುದದ ಥರ್ಮಾಮೀಟರ್ 37ಕ್ಕೆ ಬಂದು ನಿಲ್ಲುವ ತನಕ ಕಾದು, ಎರಡೂ ಗುಂಪಿನ ಸರದಿಯನ್ನು ಕಲಸಿ ಮತ್ತೆ ಮಾಡಿದೆವು. ವ್ಯತ್ಯಾಸ ಮಾಯ. ಪಾಪ, ಆ ದಿನ ಅವಳು ಊಟದ ಡಬ್ಬಿ ಬಿಚ್ಚಲೇ ಇಲ್ಲ.

ಮುಟ್ಟುವ ರೀತಿಯೇ ಉತ್ತರ ಬದಲಿಸಿದ್ದು ಈ ವಿದ್ಯೆಯಲ್ಲಿ ಹೊಸದಲ್ಲ. ಮೊಲದ ಮಹಾಪಧಮನಿಯನ್ನು ಕತ್ತರಿಸುವಾಗ ಒಳಪದರ ಉಜ್ಜಿಹೋದರೆ ನಾಳ ಸಡಿಲಿಸುವ ರಾಸಾಯನಿಕವಾದ ಅಸಿಟೈಲ್‌ಕೋಲಿನ್‌ಗೆ ಅದು ಸಡಿಲವಾಗುವುದಿಲ್ಲ, ಪದರ ಉಳಿದರೆ ಆಗುತ್ತದೆ. 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ಪ್ರಕಟಿಸಿದ್ದು ಇದನ್ನೇ. 1998ರ ನೊಬೆಲ್‌ನಲ್ಲಿ ಅವರಿಗೂ ಪಾಲು ಬಂತು. ಅವರು ಎಡವಟ್ಟನ್ನು ಹಿಂಬಾಲಿಸಿದರು, ನಾವು ಸುಮ್ನೆ ಗ್ರಾಫಿಗೆ ಹಾಕುತ್ತೇವೆ.

ಅರಿವಳಿಕೆ ಎಷ್ಟು ಅಂತ ನನ್ನನ್ನು ಫೋನಿನಲ್ಲಿ ಕೇಳಬೇಡಿ. ಇಲಿಯ ತಳಿ, ತೂಕ, ವಯಸ್ಸು ನೋಡದೆ ಹೇಳುವುದು ತಪ್ಪು. ನಿಮ್ಮ ಪಶುವೈದ್ಯರಿದ್ದಾರೆ, ನೈತಿಕ ಸಮಿತಿ ಒಪ್ಪಿದ ಕ್ರಮವಿದೆ. ನನ್ನ ಮಟ್ಟಿಗೆ, ಸಣ್ಣ ಇಲಿಯ ಎದೆಬಡಿತ ನಿಮಿಷಕ್ಕೆ 400ರ ಕೆಳಗಿಳಿದರೆ ಅಳತೆ ತೆಗೆಯುವುದಿಲ್ಲ. ಕೊನೆಗೆ, ಒಳಪದರದ ನೆರವಿಲ್ಲದೆಯೇ ನಾಳ ಹಿಗ್ಗಿಸುವ ನೈಟ್ರೋಗ್ಲಿಸರಿನ್ ಕೊಟ್ಟೂ ನೋಡುತ್ತೇನೆ. ಅದಕ್ಕೂ ಹಿಗ್ಗದಿದ್ದರೆ ಒಳಪದರವನ್ನು ಬೈದು ಪ್ರಯೋಜನವಿಲ್ಲ.

ಮೊನ್ನೆಯ ಫೋಟೊ ಕಳಿಸಿದ ಹುಡುಗನಿಗೆ, "ಟೆಂಪರೇಚರ್ ಎಷ್ಟಿತ್ತಪ್ಪಾ?" ಅಂತ ಕೇಳಿದೆ. ತಕ್ಷಣ ಉತ್ತರ ಬಂತು: "ಎಸಿ 22ರಲ್ಲಿತ್ತು ಮೇಡಂ."